ಟೊಮೆಟೊಗೆ ಹರಾಜಿದೆ, ಮೇಷ್ಟ್ರಿಗಿಲ್ಲ

ಹೋದ ವಾರ ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ಹಳೇ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಎಂ.ಎ. ಇಂಗ್ಲಿಷ್ ಮುಗಿಸಿದ್ದಾನೆ, ಬಿ.ಎಡ್. ಆಗಿದೆ, ಮುಳಬಾಗಿಲು ಕಡೆ ಒಂದು ಖಾಸಗಿ ಶಾಲೆಯಲ್ಲಿ 14 ಸಾವಿರಕ್ಕೆ ಪಾಠ ಮಾಡುತ್ತಾನೆ. ಟೀ ಹೇಳಿ ಕೂತ ಮೇಲೆ ಫೋನ್ ತೆಗೆದು ಒಂದು ಪಿಡಿಎಫ್ ತೋರಿಸಿದ.

"ಸಾರ್, ಥಾಯ್ಲೆಂಡಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿದೆ. ಒಂದ್ಸಲ ಓದಿ ಹೇಳಿ."

ಓದಿದೆ. ಶಾಲೆಯ ಹೆಸರಿದೆ, ಊರಿನ ಹೆಸರಿಲ್ಲ. ಸಂಬಳ ಅಲ್ಲಿನ ದುಡ್ಡಲ್ಲಿ 35,000 ಬಾತ್‌ವರೆಗೆ ಅಂತಿದೆ, ಎಷ್ಟರಿಂದ ಅಂತ ಇಲ್ಲ. ಈಗ ಟೂರಿಸ್ಟ್ ಆಗಿ ಹೋಗಬೇಕು, ಹೋದ ಮೇಲೆ ವೀಸಾ ಬದಲಾಯಿಸಿ ಕೊಡುತ್ತಾರಂತೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ 1,45,000 ರೂಪಾಯಿ ಪ್ರೊಸೆಸಿಂಗ್ ಫೀ, ಎರಡು ಕಂತು, ವಾಪಸ್ ಇಲ್ಲ. ಇಂಗ್ಲಿಷ್ ಕಲಿಸೋ ಕೆಲಸದ ಪತ್ರ ಅದು, ಅದರಲ್ಲಿ ಗ್ರಾಮರ್ ಅನ್ನೋ ಪದದ ಸ್ಪೆಲ್ಲಿಂಗೇ ತಪ್ಪಿತ್ತು.

"ಶಾಲೆಯವರ ಹತ್ರ ಮಾತಾಡಿದ್ಯಾ?"

"ಇಲ್ಲ ಸಾರ್. ಏಜೆನ್ಸಿ ಮೇಡಮ್ಮೇ ಇಂಟರ್‌ವ್ಯೂ ಮಾಡಿದ್ರು. ವಾಟ್ಸಾಪ್ ಕಾಲಲ್ಲಿ."

"ಎಷ್ಟೊತ್ತು?"

"ಒಂದು 12 ನಿಮಿಷ."

ನಾನು ನಗಲಿಲ್ಲ. 2016ರಲ್ಲಿ ನನ್ನ ಇಂಟರ್‌ವ್ಯೂ ಮುಗಿದದ್ದು 9 ನಿಮಿಷಕ್ಕೆ.

ಆಗ ನಾನು ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ. 2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸುವ ಹೊತ್ತಿಗೆ ಅತಿಥಿಗಳಿಗೆ ಸಿಗುತ್ತಿದ್ದದ್ದೇ 11ರಿಂದ 13 ಸಾವಿರ, ನನ್ನ ಕಾಲದಲ್ಲಿ ಅದಕ್ಕಿಂತ ಕಮ್ಮಿ. ಅದೂ ತಿಂಗಳು ತಿಂಗಳು ಬರುತ್ತಿರಲಿಲ್ಲ. ಹೀಗಿರುವಾಗ ಬೆಂಗಳೂರಿನ ಒಂದು ಏಜೆನ್ಸಿಯವರು "ನಿಮ್ಮ ಇಂಗ್ಲಿಷ್ ಚೆನ್ನಾಗಿದೆ, ಇಲ್ಲಿ ಯಾಕೆ ಕೊಳೀತಿದ್ದೀರಾ" ಅಂದರೆ ಯಾರಿಗೆ ತಾನೇ ಹೌದಲ್ಲ ಅನ್ನಿಸಲ್ಲ? ಅಮ್ಮನ ಬಳೆ ಅಡ ಇಟ್ಟು 85,000 ಕಟ್ಟಿದೆ. ರಸೀದಿಯಲ್ಲಿ "ತರಬೇತಿ ಶುಲ್ಕ" ಅಂತ ಬರೆದಿದ್ದರು. ತರಬೇತಿ ಅಂದರೆ ಎರಡು ಶನಿವಾರ ಕೂರಿಸಿ ಪವರ್‌ಪಾಯಿಂಟ್ ತೋರಿಸಿದ್ದು. ಆ ಪದ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಟೂರಿಸ್ಟ್ ವೀಸಾದಲ್ಲಿ ಹೋದೆ. ಈಶಾನ್ಯ ಥಾಯ್ಲೆಂಡಿನ ಒಂದು ಸಣ್ಣ ಊರು. ಹೋದ ಮೂರನೇ ದಿನದಿಂದ ಪಾಠ. ವರ್ಕ್ ಪರ್ಮಿಟ್ ಇನ್ನೂ ಆಗಿರಲಿಲ್ಲ, ಅಂದರೆ ಕಾನೂನಿನ ಲೆಕ್ಕದಲ್ಲಿ ನಾನು ಆ ತರಗತಿಯಲ್ಲಿ ನಿಲ್ಲುವಂತೆಯೇ ಇರಲಿಲ್ಲ. ಒಂದು ಮಧ್ಯಾಹ್ನ ಕಾರ್ಮಿಕ ಇಲಾಖೆಯವರು ಬರುತ್ತಾರೆ ಅಂತ ಸುದ್ದಿ ಬಂತು. ನನ್ನನ್ನು ಲೈಬ್ರರಿಗೆ ಕಳಿಸಿ ಹೊರಗಿನಿಂದ ಬೀಗ ಹಾಕಿದರು. ಎರಡು ಗಂಟೆ ಫ್ಯಾನ್ ಕೂಡ ಹಾಕದೆ, ನನಗೆ ಓದಲು ಬಾರದ ಥಾಯ್ ಮಕ್ಕಳ ಪುಸ್ತಕಗಳ ಚಿತ್ರ ನೋಡುತ್ತಾ ಕೂತಿದ್ದೆ. ಪಕ್ಕದ ಕ್ಲಾಸಿನಲ್ಲಿ ನಾನು ಕಲಿಸಿದ ಪದ್ಯವನ್ನೇ ಮಕ್ಕಳು ಒಟ್ಟಿಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಈಗಿನ ಅಲ್ಲಿನ ಕಾನೂನಿನಲ್ಲಿ ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದ ವಿದೇಶಿಗೆ 5 ಸಾವಿರದಿಂದ 50 ಸಾವಿರ ಬಾತ್ ದಂಡ, ಆಮೇಲೆ ಗಡೀಪಾರು. ಬೆಂಗಳೂರಿನಲ್ಲಿ ಕೂತು ಕಳಿಸಿದವರಿಗೆ ಅಲ್ಲಿ ಏನೂ ಆಗುವುದಿಲ್ಲ.

ಎರಡು ತಿಂಗಳಾದ ಮೇಲೆ ವ್ಯಾನ್ ಹತ್ತಿಸಿ ಲಾವೋಸ್‌ನ ಸವನ್ನಖೇತ್‌ಗೆ ಕಳಿಸಿ ವೀಸಾ ಬದಲಾಯಿಸಿದರು. ಖರ್ಚು ನನ್ನದೇ. ಅಲ್ಲಿಯವರೆಗೂ ನಾನು ಇದನ್ನೆಲ್ಲ ಒಬ್ಬ ಕೆಟ್ಟ ಏಜೆಂಟಿನ ಕಥೆ ಅಂದುಕೊಂಡಿದ್ದೆ. ಕಣ್ಣು ತೆರೆಸಿದವರು ಶಾಲೆಯ ಲೆಕ್ಕಪತ್ರ ನೋಡುವ ಹೆಂಗಸು. ವರ್ಷದ ಕೊನೆಗೆ "ನಿನ್ನ ಸಂಬಳ ಜಾಸ್ತಿ ಆಯ್ತು ಅಂತ ಪ್ರಿನ್ಸಿಪಾಲರಿಗೆ ಬೇಜಾರು" ಅಂದರು. ಎಷ್ಟು ಅಂತ ಕೇಳಿದೆ. ಫೈಲ್ ತಿರುಗಿಸಿ ತೋರಿಸಿದರು: ಶಾಲೆ ಅಲ್ಲಿನ ಏಜೆನ್ಸಿಗೆ ತಿಂಗಳಿಗೆ ಕೊಡುತ್ತಿದ್ದದ್ದು 38,000 ಬಾತ್. ನನ್ನ ಕೈಗೆ ಬರುತ್ತಿದ್ದದ್ದು 22,000. ಏಪ್ರಿಲ್ ರಜೆಯಲ್ಲಿ ಅದೂ ಇಲ್ಲ, ಯಾಕಂದರೆ ಒಪ್ಪಂದ 10 ತಿಂಗಳದ್ದು. ಅದೇ ಶಾಲೆಯಲ್ಲಿ ಫಿಲಿಪೀನ್ಸಿನ ಸಹೋದ್ಯೋಗಿಗೆ 20,000, ಇಂಗ್ಲೆಂಡಿನಿಂದ ಬಂದ ಹುಡುಗನಿಗೆ 34,000. ಆ ಹುಡುಗ ಬೋರ್ಡಿನ ಮೇಲೆ ಬರೆದದ್ದನ್ನು ಎಷ್ಟೋ ಸಲ ನಾನೇ ಒರೆಸಿ ತಿದ್ದಿದ್ದೇನೆ, ಅದು ಬೇರೆ ಮಾತು.

ಕೋಲಾರದವರಿಗೆ ಇದು ಅರ್ಥ ಆಗೋಕೆ ದೂರ ಹೋಗಬೇಕಿಲ್ಲ. ಬೆಳಿಗ್ಗೆ ನಮ್ಮ ಎಪಿಎಂಸಿಗೆ ಹೋಗಿ ನಿಂತರೆ ಸಾಕು. 15 ಕೆಜಿ ಟೊಮೆಟೊ ಬಾಕ್ಸುಗಳ ಸಾಲು, ಮಂಡಿಯವರು ಹರಾಜು ಕೂಗುತ್ತಾರೆ, ರೈತ ಪಕ್ಕದಲ್ಲೇ ನಿಂತಿರುತ್ತಾನೆ. 2023ರ ಜುಲೈನಲ್ಲಿ ಬಾಕ್ಸ್ 2 ಸಾವಿರ ದಾಟಿದಾಗಲೂ, ಬೇರೆ ವರ್ಷ ಬೆಲೆ ನೆಲಕಚ್ಚಿ ರಸ್ತೆ ಬದಿಗೆ ಸುರಿದಾಗಲೂ, ಎಷ್ಟಕ್ಕೆ ಹೋಯಿತು ಅನ್ನೋದು ಅವನ ಕಿವಿಗೆ ಬಿದ್ದಿರುತ್ತದೆ. ಕಮಿಷನ್ ಬಗ್ಗೆ ಜಗಳ ಇದೆ, ಲೆಕ್ಕಕ್ಕೆ ಸಿಗದ ಬಿಳಿ ಚೀಟಿಯ ಬಗ್ಗೆ ದೂರುಗಳಿವೆ, ಇಲ್ಲ ಅನ್ನುತ್ತಿಲ್ಲ. ಆದರೆ ಬೆಲೆಯನ್ನಾದರೂ ಎಲ್ಲರ ಎದುರಿಗೆ ಕೂಗುತ್ತಾರೆ. ವಿದೇಶಕ್ಕೆ ಹೋಗುವ ಮೇಷ್ಟ್ರಿಗೆ ಅದೂ ಇಲ್ಲ. ಶಾಲೆ ಏಜೆನ್ಸಿಗೆ ಎಷ್ಟು ಕೊಡುತ್ತದೆ ಅಂತ ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಮೇಷ್ಟ್ರು ಏಜೆನ್ಸಿಗೆ ಎಷ್ಟು ಕಟ್ಟಿ ಬಂದಿದ್ದಾರೆ ಅಂತ ಶಾಲೆಗೆ ಗೊತ್ತಿರುವುದಿಲ್ಲ. ಎರಡೂ ಗೊತ್ತಿರುವುದು ನಡುವೆ ಕೂತವರಿಗೆ ಮಾತ್ರ. ನನ್ನ ಪ್ರಕಾರ ಈ ವ್ಯವಹಾರದ ತೊಂದರೆಗಳೆಲ್ಲ ಹುಟ್ಟುವುದು ಇಲ್ಲೇ, ಒಳ್ಳೇ ಏಜೆಂಟ್ ಯಾರು, ಕಳ್ಳ ಏಜೆಂಟ್ ಯಾರು ಅನ್ನೋದು ಆಮೇಲಿನ ಮಾತು.

ಏಜೆನ್ಸಿಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಸಣ್ಣ ಊರಿನ ಶಾಲೆಗೆ ಕೋಲಾರದ ಮೇಷ್ಟ್ರನ್ನು ಹುಡುಕುವ ದಾರಿ ಗೊತ್ತಿಲ್ಲ, ಕಾಗದಪತ್ರ ಮಾಡಿಸುವ ತಾಳ್ಮೆ ಇಲ್ಲ. ಥಾಯ್ಲೆಂಡಿನ ಆ ಏಜೆನ್ಸಿ ನನಗೆ ರೂಮ್ ಹುಡುಕಿ ಕೊಟ್ಟಿತ್ತು, 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸಬೇಕಲ್ಲ, ಅದಕ್ಕೆ ಜನ ಕಳಿಸುತ್ತಿತ್ತು. ಆ ಕೆಲಸಕ್ಕೆ ದುಡ್ಡು ತಗೊಳ್ಳಲಿ. ತಿಂಗಳಿಗೆ 16,000 ಬಾತ್ ಅಲ್ಲ, ಅದೂ ನನಗೆ ಹೇಳದೆ ಅಲ್ಲ.

ಈಗ ಒಂದೊಂದು ದೇಶದ ನಿಯಮ ನೋಡಿದರೆ ಏಜೆಂಟರು ಮಾರುತ್ತಿರುವ ಎಷ್ಟೋ ಕೆಲಸಗಳು ಭಾರತದ ಪಾಸ್‌ಪೋರ್ಟಿಗೆ ಸಿಗುವಂಥವೇ ಅಲ್ಲ ಅಂತ ಗೊತ್ತಾಗುತ್ತದೆ. ದಕ್ಷಿಣ ಕೊರಿಯಾ ತಗೊಳ್ಳಿ. ಅಲ್ಲಿ ಇಂಗ್ಲಿಷ್ ಕಲಿಸಲು ಬೇಕಾದ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ 7 ದೇಶದವರಿಗೆ. ಭಾರತ ಮತ್ತು ಕೊರಿಯಾ ನಡುವೆ 2010ರ ಜನವರಿಯಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ನಮಗೂ ಒಂದು ಸಣ್ಣ ಕಿಂಡಿ ಬಿಟ್ಟಿದ್ದಾರೆ: ಡಿಗ್ರಿ ಜೊತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತೆ ಇರುವ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಅದು ಖಾಸಗಿ ಟ್ಯೂಷನ್ ಸೆಂಟರ್‌ಗಳಿಗೆ, ಅಂದರೆ ಹಾಗ್ವಾನ್‌ಗಳಿಗೆ ಅಲ್ಲ. ಏಜೆಂಟರ ಪೋಸ್ಟರಿನಲ್ಲಿ ಕಾಣೋದು ಬರೀ ಹಾಗ್ವಾನ್.

ಚೀನಾ ಇನ್ನೂ ಕಷ್ಟ. ಅಲ್ಲಿ ಭಾಷಾ ಶಿಕ್ಷಕರು ಆ ಭಾಷೆ ಮಾತೃಭಾಷೆಯಾಗಿರುವ ದೇಶದವರಾಗಿರಬೇಕು ಅನ್ನುವುದು ಸಾಮಾನ್ಯ ನಿಯಮ, ಕೆಲಸಕ್ಕೆ ಝಡ್ ವೀಸಾ ಬೇಕು. ಏಜೆಂಟರು ಬಿಸಿನೆಸ್ ವೀಸಾದಲ್ಲೋ ಸ್ಟೂಡೆಂಟ್ ವೀಸಾದಲ್ಲೋ ಕಳಿಸುತ್ತಾರೆ. ಸಿಕ್ಕಿಬಿದ್ದರೆ 5 ಸಾವಿರದಿಂದ 20 ಸಾವಿರ ಯುವಾನ್ ದಂಡ, ಗಂಭೀರ ಅನ್ನಿಸಿದರೆ 5ರಿಂದ 15 ದಿನ ಲಾಕಪ್. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಶಾಲಾ ಮಕ್ಕಳ ಲಾಭದ ಟ್ಯೂಷನ್ ವ್ಯವಹಾರಕ್ಕೇ ಕಡಿವಾಣ ಹಾಕಿತು, ಹೊರದೇಶದಲ್ಲಿ ಕೂತು ಆನ್‌ಲೈನ್ ಪಾಠ ಮಾಡುವವರನ್ನು ನೇಮಿಸಿಕೊಳ್ಳುವುದನ್ನೂ ನಿಲ್ಲಿಸಿತು. ಬೇಡಿಕೆ ಬಿದ್ದುಹೋದರೂ ಏಜೆಂಟರ ಪೋಸ್ಟರ್ ಮಾತ್ರ ಬದಲಾಗಿಲ್ಲ.

ಥಾಯ್ಲೆಂಡಿನಲ್ಲಿ ನಮಗೆ ದಾರಿ ಇದೆ. ಡಿಗ್ರಿ ಬೇಕು, ಮಾತೃಭಾಷೆ ಇಂಗ್ಲಿಷ್ ಅಲ್ಲದವರಿಗೆ ಟೋಯಿಕ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕು, ಕೆಲಸಕ್ಕೆ ಬರುವವರಿಗೆ ಕೊಡುವ ನಾನ್-ಇಮಿಗ್ರಂಟ್ ಬಿ ವೀಸಾ ಬೇಕು, ಆಮೇಲೆ ವರ್ಕ್ ಪರ್ಮಿಟ್, ಶಿಕ್ಷಕರ ಮಂಡಳಿಯ ಅನುಮತಿ. ಕಾಗದ ಜಾಸ್ತಿ ಅಷ್ಟೆ. ಆದರೆ 2023ರ ನವೆಂಬರ್‌ನಿಂದ ಭಾರತೀಯರನ್ನು ವೀಸಾ ಇಲ್ಲದೆ ಪ್ರವಾಸಕ್ಕೆ ಬಿಟ್ಟ ಮೇಲೆ ಏಜೆಂಟರ ಕೆಲಸ ಸುಲಭವಾಗಿ ಹೋಯಿತು. ಮೊದಲು ಕಡೇ ಪಕ್ಷ ಯಾವುದಾದರೂ ವೀಸಾ ಬೇಕಿತ್ತು, ಆಮೇಲೆ ಟಿಕೆಟ್ ತೆಗೆದುಕೊಟ್ಟರೆ ಸಾಕಾಯಿತು. ಹೀಗೆ ಹೋದವರಲ್ಲಿ ಕೆಲವರು ಶಾಲೆಯನ್ನೇ ನೋಡುವುದಿಲ್ಲ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಎರಡು ದಿನದಲ್ಲಿ 549 ಭಾರತೀಯರನ್ನು ವಾಪಸ್ ಕರೆತಂದವಲ್ಲ, ಅವರು ಥಾಯ್ ಗಡಿಯಾಚೆ ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಕೊಂಡಿದ್ದವರು. ಕೆಲಸದ ಆಸೆ ತೋರಿಸಿ ಥಾಯ್ಲೆಂಡಿಗೆ ಕರೆಸಿ, ಅಲ್ಲಿಂದ ಗಡಿ ದಾಟಿಸುವುದು ಆ ಜಾಲದ ದಾರಿ. ಕಂಪ್ಯೂಟರ್ ಮುಂದೆ ಕೂತು ಅಮೆರಿಕದವರಿಗೆ ಬಣ್ಣದ ಮಾತು ಬರೆಯೋಕೆ ಅವರಿಗೆ ಬೇಕಾಗಿರುವುದು ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗರೇ.

ಹಾಗಾದರೆ ನಮ್ಮ ಸರ್ಕಾರದ ಕಾನೂನು ಏನು ಮಾಡುತ್ತಿದೆ ಅಂತ ಕೇಳಬಹುದು. ಕಾನೂನು ಇದೆ, 1983ರ ವಲಸೆ ಕಾಯ್ದೆ. ವಿದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಇಲಾಖೆಯ ಅಡಿಯಲ್ಲಿರುವ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರಂಟ್ಸ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ದೊಡ್ಡ ಏಜೆನ್ಸಿಯಾದರೆ 50 ಲಕ್ಷದ ಬ್ಯಾಂಕ್ ಗ್ಯಾರಂಟಿ ಇಡಬೇಕು. ಅಭ್ಯರ್ಥಿಯಿಂದ ತಗೊಳ್ಳಬಹುದಾದ್ದು ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ ಸೇರಿ 35,400, ಅದಕ್ಕೆ ರಸೀದಿ ಕೊಡಲೇಬೇಕು. ನೋಂದಾಯಿತರು ಯಾರು ಅನ್ನೋ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಅಕ್ರಮ ಏಜೆಂಟರು ಅಂತ ಇಲಾಖೆ ಗುರುತಿಸಿದವರ ಪಟ್ಟಿಯೂ ಅಲ್ಲೇ ಇದೆ. ಪೇಪರಿನ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ.

ತೂತು ಎರಡು ಕಡೆ ಇದೆ. ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಗಲ್ಫಿಗೆ ಹೋಗುವ ಕೂಲಿಕಾರರು, ಡ್ರೈವರುಗಳು, ಮನೆಗೆಲಸದವರು. ಅದಕ್ಕೇ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಎಮಿಗ್ರೇಷನ್ ತಪಾಸಣೆ ಇಟ್ಟರು, ಆ ಪಟ್ಟಿಯಲ್ಲಿ ಥಾಯ್ಲೆಂಡೂ ಇದೆ. ಆದರೆ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಆ ತಪಾಸಣೆಯಿಂದ ವಿನಾಯಿತಿ. ಓದಿದವರು ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ ಅನ್ನೋ ನಂಬಿಕೆ. ಹಾಗಾಗಿ ಏಳನೇ ಕ್ಲಾಸು ಓದಿ ದಮ್ಮಾಮ್‌ಗೆ ಹೋಗುವ ಗಾರೆ ಕೆಲಸದವನ ಒಪ್ಪಂದವನ್ನು ಒಬ್ಬ ಅಧಿಕಾರಿಯಾದರೂ ನೋಡುತ್ತಾರೆ, ಎಂ.ಎ. ಮಾಡಿದ ಮೇಷ್ಟ್ರ ಒಪ್ಪಂದವನ್ನು ಯಾರೂ ನೋಡುವುದಿಲ್ಲ. ಇನ್ನೊಂದು ತೂತು ಶಿಕ್ಷೆಯದು. ನೋಂದಣಿ ಇಲ್ಲದೆ ನೇಮಕಾತಿ ಮಾಡಿದರೆ 2 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಎರಡು ಸಾವಿರ! ಒಬ್ಬ ಅಭ್ಯರ್ಥಿಯಿಂದ ಒಂದೂವರೆ ಲಕ್ಷ ಕೀಳುವವರಿಗೆ ಅದು ಹೆದ್ದಾರಿ ಹೋಟೆಲಿನಲ್ಲಿ ನಾಲ್ಕು ಜನ ಊಟ ಮಾಡಿದ ಬಿಲ್ಲು. ಹೊಸ ಕಾಯ್ದೆಗೆ 2021ರಲ್ಲಿ ಒಂದು ಕರಡು ಬಂತು, 2025ರಲ್ಲಿ ಇನ್ನೊಂದು ಕರಡು ಬಂತು.

ಇದರಲ್ಲಿ ಒಂದು ತಮಾಷೆಯೂ ಇದೆ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿಯೂ ವಸೂಲಿ ಮಾಡಬಾರದು, ಸುತ್ತಿ ಬಳಸಿಯೂ ಮಾಡಬಾರದು, ಅದು ಮಾಲೀಕನ ಹೊರೆ. ದುಬೈ, ಶಾರ್ಜಾದ ಭಾರತೀಯ ಪಠ್ಯಕ್ರಮದ ಶಾಲೆಗಳಿಗೆ ಹೋಗುವ ನಮ್ಮ ಟೀಚರುಗಳಿಗೆ ಇದು ಅನ್ವಯಿಸುತ್ತದೆ. ಅಲ್ಲಿ ಸೊನ್ನೆ, ನಮ್ಮ ಕಾನೂನಿನಲ್ಲಿ 30,000, ವಾಸ್ತವದಲ್ಲಿ ಲಕ್ಷದ ಮೇಲೆ. ಕೇರಳದವರು ಈ ಕಷ್ಟವನ್ನು ಮೊದಲೇ ಕಂಡವರು, 1977ರಲ್ಲೇ ಒಡೆಪೆಕ್ ಅನ್ನೋ ಸರ್ಕಾರಿ ನೇಮಕಾತಿ ಸಂಸ್ಥೆ ಕಟ್ಟಿಕೊಂಡರು. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಅಂತ ಒಂದಿದೆ. ನರ್ಸುಗಳಿಗೆ ಅದರ ಹೆಸರು ಗೊತ್ತು. ಇಂಗ್ಲಿಷ್ ಮೇಷ್ಟ್ರುಗಳನ್ನು ಕೇಳಿದರೆ ನನಗೆ ಗೊತ್ತಿರುವವರಲ್ಲಿ ಒಬ್ಬರೂ ಕೇಳಿಲ್ಲ.

ಈಗ ಆ "ತರಬೇತಿ ಶುಲ್ಕ"ಕ್ಕೆ ಬರೋಣ. 30,000ದ ಮಿತಿ, ನೋಂದಣಿ, ಬ್ಯಾಂಕ್ ಗ್ಯಾರಂಟಿ ಇಷ್ಟನ್ನೂ ತಪ್ಪಿಸಿಕೊಳ್ಳುವ ಉಪಾಯ ಅದು. ನಾವು ಕೆಲಸ ಕೊಡಿಸುತ್ತಿಲ್ಲ, 120 ಗಂಟೆಯ ಟೆಫಲ್, ಅಂದರೆ ವಿದೇಶಿಯರಿಗೆ ಇಂಗ್ಲಿಷ್ ಕಲಿಸುವ ತರಬೇತಿಯ ಕೋರ್ಸ್ ಮಾರುತ್ತಿದ್ದೇವೆ, ಪ್ಲೇಸ್‌ಮೆಂಟ್ ಸುಮ್ನೆ ಸಹಾಯ ಅಷ್ಟೆ ಅಂತ ವಾದ. ಟೆಫಲ್ ಅನ್ನೋದಕ್ಕೆ ಜಗತ್ತಿನಲ್ಲಿ ಒಂದೇ ಮಂಡಳಿ ಅಂತ ಇಲ್ಲ, ಯಾರು ಬೇಕಾದರೂ ಸರ್ಟಿಫಿಕೇಟ್ ಪ್ರಿಂಟ್ ಹಾಕಬಹುದು. ಕೇಂಬ್ರಿಡ್ಜ್‌ನ ಸೆಲ್ಟಾದಂಥ ಕೋರ್ಸಿನಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಿ ತೋರಿಸಬೇಕು, ಹಿಂದೆ ಕೂತವರು ಅಂಕ ಹಾಕುತ್ತಾರೆ. ನನ್ನ ಎರಡು ಶನಿವಾರದ ತರಬೇತಿಯಲ್ಲಿ ನಾನು ಬಾಯಿ ಬಿಟ್ಟದ್ದು ಹೆಸರು ಹೇಳಲಿಕ್ಕೆ ಮಾತ್ರ. ಕಾಗದಪತ್ರದ ಹೆಸರಲ್ಲೂ ಇದೇ ಆಟ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿ. ದಾಖಲೆ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಅಪೊಸ್ಟಿಲ್ ಮುದ್ರೆಗೆ ವಿದೇಶಾಂಗ ಇಲಾಖೆಯ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಜೊತೆಗೆ ಅರ್ಜಿ ತಗೊಳ್ಳುವ ಸಂಸ್ಥೆಯ ಸಣ್ಣ ಸರ್ವಿಸ್ ಚಾರ್ಜು. ಇಂಥ ಕಾಗದಗಳಿಗೆ ಅಂತ ನನ್ನಿಂದ ಬೇರೆಯಾಗಿ 18,000 ತಗೊಂಡಿದ್ದರು.

ಆದರೆ ಈ ಉಪಾಯ ಅವರಿಗೇ ತಿರುಗಿ ಬೀಳುವಂಥದ್ದು, ಇದು ನನಗೆ ತಡವಾಗಿ ಹೊಳೆಯಿತು. ತರಬೇತಿ ಮಾರಿದ್ದೇವೆ ಅಂತ ರಸೀದಿ ಕೊಟ್ಟ ಮೇಲೆ ನೀವು ಗ್ರಾಹಕ, ಅವರು ಸೇವೆ ಕೊಡುವವರು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೂರನ್ನು ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಏಜೆನ್ಸಿ ಬೆಂಗಳೂರಲ್ಲಿದ್ದರೂ ದೆಹಲಿಯಲ್ಲಿದ್ದರೂ ಅವರೇ ಕೋಲಾರಕ್ಕೆ ಬರಬೇಕು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಪೊಲೀಸರ ಹತ್ತಿರ ಹೋದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನಡಿ ವಂಚನೆ ಕೇಸು ಹಾಕಿಸಬಹುದು, ಹಾಕಿಕೊಳ್ಳುತ್ತಾರಾ ಅನ್ನೋದು ಬೇರೆ. "ದುಡ್ಡಿನ ವ್ಯವಹಾರ, ಸಿವಿಲ್ ಮ್ಯಾಟರ್" ಅಂದು ಕಳಿಸುವುದನ್ನು ಎಷ್ಟು ಜನ ಕೇಳಿಲ್ಲ? ವಿದೇಶದಲ್ಲಿದ್ದಾಗಲೇ ತೊಂದರೆಯಾದರೆ ದೂರು ಕೊಡೋಕೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ ಇದೆ, ರಾಯಭಾರ ಕಚೇರಿ ಇದೆ. ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಡಬೇಡಿ. ನಮ್ಮ ಕಾನೂನಿನಲ್ಲಿ ಅದು ಭಾರತ ಸರ್ಕಾರದ ಸ್ವತ್ತು, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕೋಕೆ ಯಾವ ಏಜೆನ್ಸಿಗೂ ಹಕ್ಕಿಲ್ಲ.

ಟೀ ಅಂಗಡಿಗೆ ವಾಪಸ್ ಬರುತ್ತೇನೆ. ನಾನು ಇಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ಅವನ ಟೀ ಆರಿ ಕೆನೆ ಕಟ್ಟಿತ್ತು.

"ದುಡ್ಡು ಕಟ್ಟಿದ್ದೀಯಾ?"

"ಮೊದಲ ಕಂತು ಕಟ್ಟಿಬಿಟ್ಟೆ ಸಾರ್. 60,000. ಅಪ್ಪ ಟೊಮೆಟೊ ದುಡ್ಡಲ್ಲಿ ಕೊಟ್ರು."

"ಬೇರೆ ಏನಾದ್ರೂ ಕೊಟ್ಟಿದ್ದೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪಂದು ಎರಡು ಖಾಲಿ ಚೆಕ್. ಸೈನ್ ಮಾಡಿರೋದು. ವರ್ಷದೊಳಗೆ ಬಿಟ್ಟು ಬಂದ್ರೆ ಬಾಂಡ್ ದುಡ್ಡು ಅಂತ. ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರತ್ರಾನೇ ಇದೆ."

ಅವನ ಫೋನಿನಲ್ಲೇ ಇ-ಮೈಗ್ರೇಟ್ ತೆರೆದು ಏಜೆನ್ಸಿಯ ಹೆಸರು ಹಾಕಿದೆವು. ಇಲ್ಲ. ಸ್ಪೆಲ್ಲಿಂಗ್ ಬದಲಾಯಿಸಿ ಹಾಕಿದೆವು, ಅವರ ಸ್ಪೆಲ್ಲಿಂಗ್ ಹೇಗಿದೆ ಅಂತ ಗೊತ್ತಲ್ಲ. ಆಗಲೂ ಇಲ್ಲ. ಶಾಲೆಯ ಹೆಸರು ಹುಡುಕಿದರೆ ಅದೇ ಹೆಸರಿನ ಮೂರು ಶಾಲೆಗಳು ಸಿಕ್ಕವು, ಮೂರೂ ಬೇರೆ ಬೇರೆ ಊರು. ಮೂರಕ್ಕೂ ಇಮೇಲ್ ಬರೆಸಿದೆ: ನಿಮ್ಮಲ್ಲಿ ಇಂಥ ಕೆಲಸ ಖಾಲಿ ಇದೆಯಾ, ಈ ಏಜೆನ್ಸಿ ನಿಮಗೆ ಗೊತ್ತಾ, ಗೊತ್ತಿದ್ದರೆ ತಿಂಗಳಿಗೆ ಅವರಿಗೆ ಎಷ್ಟು ಕೊಡುತ್ತೀರಿ. ಕೊನೆಯ ಪ್ರಶ್ನೆ ಹಾಕೋಕೆ ಅವನಿಗೆ ಸಂಕೋಚ. "ಹಂಗೆಲ್ಲ ಕೇಳಬಹುದಾ ಸಾರ್" ಅಂದ. ನಿಮ್ಮಪ್ಪ ಮಂಡಿಯಲ್ಲಿ ಕೇಳಲ್ವಾ ಅಂದೆ, ಹಾಕಿದ.

ಮಾರನೇ ದಿನ ಅವನ ಅಪ್ಪ ಚೆಕ್‌ಗಳಿಗೆ ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಬರೆದುಕೊಟ್ಟರು. ಖಾಲಿ ಚೆಕ್ ಏಕೆ ಕೊಟ್ಟದ್ದು ಅಂತ ಏಜೆನ್ಸಿಗೆ ಒಂದು ರಿಜಿಸ್ಟರ್ಡ್ ಪತ್ರವನ್ನೂ ಹಾಕಿಸಿದ್ದೇವೆ, ನಾಳೆ ಕೋರ್ಟು ಕಚೇರಿ ಅಂತಾದರೆ ಬೇಕಾಗುತ್ತದೆ. ಒಂದು ಶಾಲೆ ಉತ್ತರ ಕೊಟ್ಟಿದೆ, ಅಲ್ಲಿ ಕೆಲಸ ಖಾಲಿ ಇಲ್ಲವಂತೆ. ಉಳಿದ ಎರಡರಿಂದ ಏನೂ ಬಂದಿಲ್ಲ. ಏಜೆನ್ಸಿ ಮೇಡಂ ಮಾತ್ರ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರಂತೆ, ಎರಡನೇ ಕಂತು ಶುಕ್ರವಾರದೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಅಂತ.